ಪಿಯಾನೊ ಬಾಯಲ್ಲಿ ಮಾತು

ಆಸ್ಟ್ರಿಯಾದ ಸಂಯೋಜಕ ಪೀಟರ್ ಆಬ್ಲಿಂಗರ್ 2009ರಲ್ಲಿ ವೆನಿಸ್ ನಗರದ ಸಮಾವೇಶವೊಂದಕ್ಕಾಗಿ ಪಿಯಾನೊ ಒಂದನ್ನು ಮಾತಾಡಿಸಿದರು. ಪರಿಸರದ ವಿರುದ್ಧದ ಅಪರಾಧಗಳಿಗೆ ಅಂತರರಾಷ್ಟ್ರೀಯ ನ್ಯಾಯಾಲಯ ಬೇಕೆಂಬ ಘೋಷಣೆಯನ್ನು ಶಾಲಾಬಾಲಕನೊಬ್ಬ ಓದಿದ್ದ. ಆ ಧ್ವನಿಮುದ್ರಣವನ್ನು ಕಂಪ್ಯೂಟರ್ ಸ್ವರಗಳಾಗಿ ಬಿಡಿಸಿತು. ಪಿಯಾನೊದ ಮುಂದೆ ಕೂರಿಸಿದ ಯಂತ್ರದ ಬೆರಳುಗಳು ಆ ಸ್ವರಗಳನ್ನು ಒತ್ತಿದವು. ಹುಡುಗನ ದನಿಯ ತುಣುಕೂ ಸೇರಿರಲಿಲ್ಲ. ಆದರೂ ತಂತಿಗಳ ಆ ಗದ್ದಲದೊಳಗೆ ಪದಗಳು ಕೇಳಿಸಿದವು.

ಈ ಕೆಲಸದ ಸೋಜಿಗ ತಿಳಿಯಬೇಕಾದರೆ, ಕಂಪ್ಯೂಟರ್ ವಾದ್ಯಕ್ಕೆ ಸ್ವರಗಳನ್ನು ತಿಳಿಸಲು ಸಾಮಾನ್ಯವಾಗಿ ಬಳಸುವ ಮಿಡಿ ಎಷ್ಟು ಬಡ ಭಾಷೆ ಎಂಬುದು ಗೊತ್ತಿರಬೇಕು. ಬೇರೆ ಬೇರೆ ಕಂಪನಿಗಳ ಎಲೆಕ್ಟ್ರಾನಿಕ್ ವಾದ್ಯಗಳು ಒಂದನ್ನೊಂದು ಅರ್ಥಮಾಡಿಕೊಳ್ಳಲಿ ಎಂದು 1983ರಲ್ಲಿ ಬಳಕೆಗೆ ಬಂದ ಸಂಕೇತ ಪದ್ಧತಿ ಅದು. ಮಿಡಿ ಕಡತದಲ್ಲಿ ಸದ್ದೇ ಇರುವುದಿಲ್ಲ. ಯಾವ ಸ್ವರ, ಎಷ್ಟು ಜೋರು, ಒತ್ತುವುದು ಯಾವಾಗ, ಬಿಡುವುದು ಯಾವಾಗ ಎಂಬ ಅಪ್ಪಣೆಗಳಿರುತ್ತವೆ, ಅಷ್ಟೆ. ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳು. 440 ಹರ್ಟ್ಸ್‌ನ ಸ್ವರದ ಸಂಖ್ಯೆ 69. ಒತ್ತುವ ಬಿರುಸಿಗೂ 127 ಹಂತಗಳು. ಇಷ್ಟರಲ್ಲಿ ಮನುಷ್ಯನ ಮಾತನ್ನು ಹಿಡಿಯುವುದು ಹೇಗೆ?

ಯಾವುದೇ ಸದ್ದನ್ನು ಬೇರೆ ಬೇರೆ ಕಂಪನಾಂಕಗಳ ಸರಳ ಅಲೆಗಳಾಗಿ ಬಿಡಿಸಬಹುದು. ಫ್ರೆಂಚ್ ಗಣಿತಜ್ಞ ಫೂರಿಯೇ ಹಾಕಿಕೊಟ್ಟ ದಾರಿ ಇದು. ಒಂದೇ ಶ್ರುತಿಯಲ್ಲಿ ‘ಆ’ ಎಂದು, ಆಮೇಲೆ ‘ಈ’ ಎಂದು ಹೇಳಿ ನೋಡಿ. ಗಂಟಲು ಮಾಡುವ ಕೆಲಸ ಎರಡಕ್ಕೂ ಒಂದೇ. ಬಾಯಿಯ ಆಕಾರ ಮಾತ್ರ ಬೇರೆ. ವಯಸ್ಕ ಗಂಡಸಿನ ‘ಆ’ದಲ್ಲಿ ಸುಮಾರು 700 ಮತ್ತು 1,100 ಹರ್ಟ್ಸ್ ಆಸುಪಾಸಿನ ಅಲೆಗಳು ಬಲಗೊಂಡರೆ, ‘ಈ’ಯಲ್ಲಿ ಸುಮಾರು 300 ಮತ್ತು 2,300 ಹರ್ಟ್ಸ್‌ನವು. ಪಿಯಾನೊದ 88 ಕೀಗಳು 27.5ರಿಂದ 4,186 ಹರ್ಟ್ಸ್‌ವರೆಗೆ ಹರಡಿರುವುದರಿಂದ ಈ ಜಾಗಗಳೆಲ್ಲ ಅವುಗಳ ಕೈಗೆಟಕುತ್ತವೆ. ಹಾಗಾಗಿ ಧ್ವನಿಮುದ್ರಣವನ್ನು ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿ, ಪ್ರತಿ ಚೂರಿನಲ್ಲೂ ಯಾವ ಕಂಪನಾಂಕಕ್ಕೆ ಎಷ್ಟು ಬಲವಿದೆಯೆಂದು ಅಳೆದು, ಹತ್ತಿರದ ಕೀಯನ್ನು ಅಷ್ಟೇ ಬಿರುಸಾಗಿ ಒತ್ತಿದರಾಯಿತು. ಪತ್ರಿಕೆಯಲ್ಲಿ ಅಚ್ಚಾಗುವ ಚಿತ್ರದಲ್ಲಿ ಚುಕ್ಕಿಗಳು ಸೇರಿ ಮುಖವಾಗುವ ಹಾಗೆ ಇಲ್ಲಿ ಸ್ವರಗಳು ಸೇರಿ ಮಾತಾಗುತ್ತವೆ.

ಚೂರು ಎಷ್ಟು ಸಣ್ಣದಿರಬೇಕು ಎಂಬಲ್ಲಿಂದ ತೊಡಕು ಶುರು. ಸೆಕೆಂಡಿಗೆ ಸುಮಾರು 16 ಚೂರುಗಳಾದರೆ ಮಾತು ಗುರುತಿಸುವ ಅಂಚಿಗೆ ಬರುತ್ತದೆ ಎಂಬುದು ಆಬ್ಲಿಂಗರ್ ಕಂಡುಕೊಂಡ ಲೆಕ್ಕ. ಆದರೆ ಒಂದು ಸೆಕೆಂಡಿನ ಹದಿನಾರನೇ ಒಂದು ಭಾಗವನ್ನು ಮಾತ್ರ ಕೇಳಿದಾಗ 16 ಹರ್ಟ್ಸ್‌ಗಿಂತ ಹತ್ತಿರವಿರುವ ಎರಡು ಅಲೆಗಳನ್ನು ಬೇರ್ಪಡಿಸುವುದು ಕಷ್ಟ. ನಡುವಿನ ಸ್ವರಗಳಿಗೆ ಇದು ಸಾಕು. 440ರ ಪಕ್ಕದ ಕೀ ಇರುವುದೇ 466ರಲ್ಲಿ. ತೀರ ಕೆಳಗಿನ ಎರಡು ಕೀಗಳ ನಡುವೆ ಮಾತ್ರ ಎರಡು ಹರ್ಟ್ಸ್ ಅಂತರವೂ ಇಲ್ಲ. ಕಾಲವನ್ನು ನಿಖರವಾಗಿ ಹಿಡಿಯಹೋದರೆ ಶ್ರುತಿ ಮಸುಕಾಗುತ್ತದೆ, ಶ್ರುತಿ ಹಿಡಿದರೆ ಕಾಲ.

ಪಿಯಾನೊದ ಸ್ವಭಾವವೂ ಅಡ್ಡ ಬರುತ್ತದೆ. 220 ಹರ್ಟ್ಸ್‌ನ ಕೀ ಒತ್ತಿದರೆ 440, 660 ಹರ್ಟ್ಸ್‌ಗಳ ಉಪಸ್ವರಗಳೂ ಕರೆಯದೇ ಬರುತ್ತವೆ. ಬೇಡದ್ದನ್ನು ಅಳಿಸುವ ಕೀ ಪಿಯಾನೊದಲ್ಲಿಲ್ಲ, ಕೂಡಿಸುವುದಷ್ಟೇ ಸಾಧ್ಯ. ಆದ್ದರಿಂದ ಲೆಕ್ಕ ಹಾಕುವಾಗಲೇ ಇವನ್ನು ಕಳೆದು, ಉಳಿದದ್ದಕ್ಕೆ ಕೀ ಆರಿಸುವುದು ಜಾಣತನ. ‘ಸ’ಕಾರದ ಕಥೆ ಇನ್ನೂ ಕಷ್ಟ. ಅದು ಶ್ರುತಿಯೇ ಇಲ್ಲದ ಸುಯ್ಯೆನ್ನುವ ಸದ್ದು. ಅದರ ಬಲದ ಹೆಚ್ಚಿನ ಪಾಲು ಪಿಯಾನೊದ ಕೊನೆಯ ಕೀಗಿಂತ ಮೇಲಿದೆ. ಮಿಡಿ ಕೇಬಲ್ಲೂ ನಿಧಾನ. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಒಂದು ಸ್ವರದ ಅಪ್ಪಣೆ ಸಾಗಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಒಟ್ಟಿಗೆ 60 ಕೀ ಒತ್ತಿಸುವಷ್ಟರಲ್ಲಿ ಮುಂದಿನ ಚೂರಿನ ಸರದಿ ಬಂದಿರುತ್ತದೆ.

ಇಷ್ಟೆಲ್ಲ ಸೋರಿಹೋದ ಮೇಲೂ ಮಾತು ತಿಳಿಯುವುದಕ್ಕೆ ಕೇಳುಗರ ಮಿದುಳು ಕಾರಣ. ಪಿಯಾನೊ ನುಡಿಯುವುದು ಬರಿದೇ ಕೇಳಿದರೆ ಬಹುಪಾಲು ಗೊಂದಲ. ಪಠ್ಯವನ್ನು ಕಣ್ಣೆದುರು ಇಟ್ಟುಕೊಂಡರೆ ಪದಗಳು ತಟ್ಟನೆ ಎದ್ದು ಬರುತ್ತವೆ. 1981ರಲ್ಲಿ ಮನೋವಿಜ್ಞಾನಿ ರಾಬರ್ಟ್ ರೆಮೆಜ್ ಮತ್ತು ಸಂಗಡಿಗರು ಕೇವಲ ಮೂರು ಏರಿಳಿಯುವ ಸೀಟಿಯಂಥ ಸ್ವರಗಳಿಂದ ವಾಕ್ಯ ಕಟ್ಟಿದ್ದರು. ಏನೆಂದು ಹೇಳದೆ ಕೇಳಿಸಿದಾಗ ಹೆಚ್ಚಿನವರಿಗೆ ಅದು ವಿಚಿತ್ರ ಸದ್ದು. ಮಾತೆಂದು ತಿಳಿಸಿದಾಗ ಹಲವರು ವಾಕ್ಯವನ್ನೇ ಬರೆದುಕೊಂಡರು. ಮಾತಿನ ಗುರುತು ದನಿಯ ಬಣ್ಣಕ್ಕಿಂತ ಹೆಚ್ಚಾಗಿ ಅದು ಕ್ಷಣಕ್ಷಣಕ್ಕೂ ಬದಲಾಗುವ ರೀತಿಯಲ್ಲಿದೆ.

ಕಾಕ್ಲಿಯರ್ ಇಂಪ್ಲಾಂಟ್ ನಿಂತಿರುವುದೂ ಇದೇ ನೆಲೆಯ ಮೇಲೆ. ಕಿವುಡಾದವರ ಒಳಗಿವಿಗೆ ಸೇರಿಸುವ ಈ ಸಾಧನ ಸದ್ದನ್ನು ಕೆಲವೇ ಕಂಪನಾಂಕ ಪಟ್ಟಿಗಳಾಗಿ ಒಡೆದು, ಸುಮಾರು 12ರಿಂದ 22 ವಿದ್ಯುದ್ವಾರಗಳ ಮೂಲಕ ನರಕ್ಕೆ ಮುಟ್ಟಿಸುತ್ತದೆ. ಪಿಯಾನೊ ಕೀಗಳಿಗಿಂತ ಎಷ್ಟೋ ಕಡಿಮೆ. ಆದರೂ ತಿಂಗಳುಗಟ್ಟಲೆ ಅಭ್ಯಾಸವಾದ ಮೇಲೆ ಹಲವರು ಫೋನಿನಲ್ಲೂ ಮಾತಾಡಬಲ್ಲರು. ಅವರಿಗೆ ಕಠಿಣವಾಗಿ ಉಳಿಯುವುದು ಸಂಗೀತ. ಏಕೆಂದರೆ ಮಾತಿಗೆ ಒರಟು ಚಿತ್ರ ಸಾಕು, ರಾಗಕ್ಕೆ ಶ್ರುತಿಯ ಸೂಕ್ಷ್ಮವೇ ಬೇಕು.