ಕೋಡಿಯಿಲ್ಲದ ಕೆರೆ

ಆಲ್ಪ್ಸ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಿಮ. ಕ್ಯಾಲೆಂಡರಿನ ಚಿತ್ರಗಳಲ್ಲಿ ಬೆಳ್ಳಿಯ ಶಿಖರಗಳನ್ನೂ ಅವುಗಳ ಬುಡದ ನೀಲಿಯ ಕೊಳವನ್ನೂ ನೋಡಿ ಬೆಳೆದ ನಮಗೆ, ಅಂತಹ ಕೊಳಕ್ಕೆ ಜನರು ಇಳಿದು ಸುಖವಾಗಿ ಈಜುತ್ತಾರೆಂದರೆ ನಂಬಿಕೆ ಬರುವುದು ಕಷ್ಟ. ಆದರೆ ಸ್ವಿಟ್ಸರ್ಲೆಂಡಿನ ಫ್ಲಿಮ್ಸ್ ಎಂಬ ಊರಿನ ಬಳಿಯ ಕೌಮಾ ಸರೋವರದಲ್ಲಿ ಪ್ರತಿ ಬೇಸಿಗೆಯಲ್ಲೂ ನಡೆಯುವುದು ಇದೇ.

ನಾನು ಈ ಸರೋವರವನ್ನು ಕಂಡವನಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಭೂಗೋಳವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾನು ನಕ್ಷೆ, ಪುಸ್ತಕ, ಚಿತ್ರಗಳ ದಾರಿಯಲ್ಲಿ ಅಲ್ಲಿಗೆ ಹೋಗಿಬಂದವನು. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅದರ ಚಿತ್ರವನ್ನು ನಮ್ಮ ತಂದೆಯವರ ಮುಂದೆ ಹಿಡಿದು, ಕಲಿತ ಮಗನ ಗತ್ತಿನಿಂದ ಬಣ್ಣಿಸತೊಡಗಿದೆ. ಕೆರೆಯ ಅಚ್ಚುಕಟ್ಟಿನಲ್ಲಿ ಗದ್ದೆ ಮಾಡಿ ತಲೆ ನರೆತವರು ಅವರು. ಚಿತ್ರವನ್ನು ಬಹಳ ಹೊತ್ತು ನೋಡಿ, "ನೀರು ಎಲ್ಲಿಂದ ಬತ್ತದೆ? ಕೋಡಿ ಎಲ್ಲೈತೆ?" ಎಂದು ಎರಡೇ ಮಾತು ಕೇಳಿದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೂ ನನ್ನಲ್ಲಿ ಉತ್ತರವಿರಲಿಲ್ಲ. ನಕ್ಷೆಯನ್ನು ಬಿಡಿಸಿ ನೋಡಿದರೆ ಸರೋವರಕ್ಕೆ ಬಂದು ಸೇರುವ ಹೊಳೆಯ ಗೆರೆಯೂ ಇಲ್ಲ, ಹೊರಟುಹೋಗುವ ಗೆರೆಯೂ ಇಲ್ಲ! ಆ ಎರಡು ಪ್ರಶ್ನೆಗಳಿಗೆ ನಾನು ಹುಡುಕಿದ ಉತ್ತರವೇ ಈ ಲೇಖನ.

ಉತ್ತರಕ್ಕಾಗಿ ಬಹಳ ಹಿಂದಕ್ಕೆ ಹೋಗಬೇಕು. ಸುಮಾರು 9,500 ವರ್ಷಗಳ ಹಿಂದೆ ಫ್ಲಿಮ್ಸಿನ ಮೇಲಣ ಸುಣ್ಣಕಲ್ಲಿನ ಪರ್ವತದ ಒಂದು ಪಾರ್ಶ್ವವೇ ಕುಸಿದು ಕಣಿವೆಗೆ ಉರುಳಿತು. ಆಲ್ಪ್ಸ್ ಪರ್ವತಗಳಲ್ಲಿ ಗೊತ್ತಿರುವ ಭೂಕುಸಿತಗಳಲ್ಲೆಲ್ಲ ಇದೇ ಅತಿ ದೊಡ್ಡದು. ಬಿದ್ದ ಬಂಡೆಯ ಪ್ರಮಾಣ ಸುಮಾರು 10 ಘನ ಕಿಲೋಮೀಟರು. ಹತ್ತು ಕಿಲೋಮೀಟರು ಉದ್ದ, ಒಂದು ಕಿಲೋಮೀಟರು ಅಗಲ, ಒಂದು ಕಿಲೋಮೀಟರು ಎತ್ತರದ ಗೋಡೆಯೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡರೆ ಅದರ ಅಗಾಧತೆ ಸ್ವಲ್ಪ ತಿಳಿದೀತು. ರೈನ್ ನದಿಯ ಎರಡು ಮೂಲ ಶಾಖೆಗಳಲ್ಲೊಂದಾದ ವೋರ್ಡರ್‌ರೈನ್ ಇದರ ಅಡಿಯಲ್ಲಿ ಸಿಕ್ಕಿ, ಹಿಂದಕ್ಕೆ ಕಟ್ಟಿಕೊಂಡು ದೊಡ್ಡ ಸರೋವರವಾಯಿತು. ಬಳಿಕ ಆ ರಾಶಿಯನ್ನೇ ಕೊರೆದು ದಾರಿ ಮಾಡಿಕೊಂಡಿತು. ನದಿ ಕೊರೆದ ಆ ಕಮರಿಯೇ ಬೆಳ್ಳನೆಯ ಕಡಿದಾದ ಗೋಡೆಗಳ ರುಯಿನಾಲ್ಟಾ. ಪ್ರವಾಸಿಗಳಿಗೆ ಅದು ಇಂದಿಗೂ ನೋಡಬೇಕಾದ ನೋಟ. ಆಲ್ಬರ್ಟ್ ಹೈಮ್ ಎಂಬ ಸ್ವಿಸ್ ಭೂವಿಜ್ಞಾನಿ 1883ರಷ್ಟು ಹಿಂದೆಯೇ ಈ ಭೂಕುಸಿತದ ವಿಚಾರವಾಗಿ ಬರೆದಿದ್ದನು.

ಉರುಳಿ ನಿಂತ ಬಂಡೆಗಳ ರಾಶಿ ಸಮತಟ್ಟಾಗಿರಲಿಲ್ಲ. ಎಲ್ಲೆಲ್ಲಿಯೂ ದಿಬ್ಬ, ಎಲ್ಲೆಲ್ಲಿಯೂ ತಗ್ಗು. ಕಾಲಕ್ರಮದಲ್ಲಿ ಅದರ ಮೇಲೆ ದಟ್ಟವಾದ ಕಾಡು ಬೆಳೆಯಿತು. ಅಂತಹ ಒಂದು ತಗ್ಗಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರು ಎತ್ತರದಲ್ಲಿ, ನಿಂತ ನೀರೇ ಕೌಮಾ. ವಿಸ್ತಾರ ಸುಮಾರು 25 ಎಕರೆ. ನಮ್ಮ ಅನೇಕ ಊರಕೆರೆಗಳು ಇದಕ್ಕಿಂತ ದೊಡ್ಡವು. ಆದರೆ ಆಳ ಮಾತ್ರ ಸುಮಾರು 30 ಮೀಟರು.

ನೀರು ಬರುವುದು ಕೆಳಗಿನಿಂದ. ಮೇಲಿನ ಇಳಿಜಾರುಗಳ ಮಳೆ ಹಾಗೂ ಕರಗಿದ ಹಿಮ ಒಡೆದ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ, ನೆಲದೊಳಗೇ ಹರಿದು ಬಂದು ಸರೋವರದ ಅಡಿಯಲ್ಲಿ ಬುಗ್ಗೆಯಾಗಿ ಏಳುತ್ತದೆ. ಹೋಗುವುದೂ ಹಾಗೆಯೇ, ನೆಲದೊಳಗೆ. ಆದ್ದರಿಂದಲೇ ಮಟ್ಟ ಒಂದೇ ತೆರನಾಗಿರುವುದಿಲ್ಲ. ಹಿಮ ಕರಗಿದ ಮೇಲೆ ಬೇಸಿಗೆಯಲ್ಲಿ ತುಂಬುತ್ತದೆ. ಶರತ್ಕಾಲದಿಂದ ಚಳಿಗಾಲದವರೆಗೆ ಕೆಲವು ಮೀಟರುಗಳಷ್ಟು ಇಳಿದು ಅಂಚಿನ ಕಲ್ಲುಗಳು ಹೊರಬೀಳುತ್ತವೆ.

ಈಜುಗಾರರ ಸುಖದ ಗುಟ್ಟೂ ಇಲ್ಲಿದೆ. ಅದೇ ದೇಶದ ಓಷಿನೆನ್ ಸರೋವರದಂಥವುಗಳಿಗೆ ಹಿಮನದಿಗಳಿಂದ ಇಳಿದ ತೊರೆಗಳು ನೇರವಾಗಿ ಬಂದು ಬೀಳುತ್ತವೆ, ನೀರು ಕೊರೆಯುತ್ತದೆ. ಕೌಮಾಕ್ಕೆ ಅಂತಹ ತೊರೆಯಿಲ್ಲ. ಬುಗ್ಗೆಯ ತಣ್ಣೀರು ಭಾರವಾದ್ದರಿಂದ ತಳದಲ್ಲೇ ಉಳಿಯುತ್ತದೆ. ಬಿಸಿಲು ಕಾಯಿಸಿದ ನೀರು ಹಗುರವಾಗಿ ಮೇಲೆಯೇ ನಿಲ್ಲುತ್ತದೆ. ಸುತ್ತಲಿನ ಕಾಡೂ ದಿಬ್ಬಗಳೂ ಗಾಳಿಯನ್ನು ತಡೆಯುವುದರಿಂದ ಈ ಪದರಗಳು ಸುಲಭವಾಗಿ ಕದಡುವುದಿಲ್ಲ. ಹೀಗೆ ಬೇಸಿಗೆಯಲ್ಲಿ ಮೇಲಿನ ನೀರು 20 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. (ನಮ್ಮ ಕಡೆಯವರು ಇದನ್ನೂ ತಣ್ಣೀರೆಂದೇ ಕರೆಯುವರು, ಆ ಮಾತು ಬೇರೆ.) ಈಜುವುದನ್ನು ನಿಲ್ಲಿಸಿ ಕಾಲನ್ನು ಕೆಳಕ್ಕೆ ಇಳಿಬಿಟ್ಟವನಿಗೆ ಮಾತ್ರ ತಳದ ಚಳಿ ಅರಿವಾಗುತ್ತದೆ. ತೊರೆಗಳು ತರುವ ಹೂಳಿಲ್ಲದ್ದರಿಂದ ನೀರು ಗಾಜಿನಂತೆ ತಿಳಿ. ಬೆಳಕಿನ ಕೆಂಪನ್ನು ಹೀರಿ ನೀಲಿ ಹಸಿರುಗಳನ್ನು ಉಳಿಸುವುದು ಆಳವಾದ ತಿಳಿನೀರಿನ ಗುಣ. ಆ ನವಿಲುಬಣ್ಣದ ಕಾರಣ ಅದೇ.

ಅಲ್ಲಿಗೆ ಹೋಗುವ ಬಗೆ ಸುಲಭ. ಕೂರ್ ಪಟ್ಟಣದವರೆಗೆ ರೈಲು, ಅಲ್ಲಿಂದ ಫ್ಲಿಮ್ಸಿಗೆ ಅಂಚೆ ಇಲಾಖೆಯ ಹಳದಿ ಬಸ್ಸು. ಮುಂದೆ ಕಾಡಿನ ನಡುವೆ ಕಾಲ್ನಡಿಗೆ. ನೀರಿನ ಮಟ್ಟ ತಗ್ಗಿನಲ್ಲಿರುವುದರಿಂದ ಕೊನೆಯ ಇಳಿಜಾರಿಗೆ ಪುಟ್ಟದೊಂದು ಲಿಫ್ಟನ್ನೂ ಹಾಕಿದ್ದಾರೆ. ಬೇಸಿಗೆಯಲ್ಲಿ ಪ್ರವೇಶಕ್ಕೆ ಶುಲ್ಕವುಂಟು. ನಡುವೆ ಮರಗಳಿರುವ ಪುಟ್ಟ ದ್ವೀಪವಿದೆ. ಅದರವರೆಗೆ ಈಜಿ ಹೋಗುವುದು ಬಂದವರ ಆಸೆ.

ಇಷ್ಟು ಓದಿಕೊಂಡು ತೃಪ್ತನಾಗಿದ್ದ ನನಗೆ ಇನ್ನೊಂದು ಸಂಗತಿ ಎದುರಾಯಿತು. ಫ್ಲಿಮ್ಸ್ ಊರೊಳಗಿನ ವಾಹನಗಳ ಕಾಟ ತಪ್ಪಿಸಲು ಬೆಟ್ಟದೊಳಗೆ ಸುರಂಗ ಕೊರೆದು, 2007ರಲ್ಲಿ ಸಂಚಾರಕ್ಕೆ ತೆರೆದರು. ಕೊರೆಯುವಾಗ ನೆಲದೊಳಗಿನ ನೀರಿನ ದಾರಿಗಳು ತುಂಡಾದವು. ಸುರಂಗಕ್ಕೂ ಸರೋವರಕ್ಕೂ ನಡುವೆ ನೆಲದ ಮೇಲೆ ಯಾವ ಸಂಬಂಧವೂ ಕಾಣದು. ಆದರೂ ಕೆಳಗಿನ ಕಾಡಿನ ಕೊಳಗಳಿಗೆ ಬರುವ ನೀರು ಕಡಿಮೆಯಾಯಿತು. ಬಳಿಕ ಬೇರೆ ಕಡೆಯ ನೀರನ್ನು ತಿರುಗಿಸಿ ನೆಲಕ್ಕೆ ಇಂಗಿಸುವ ಏರ್ಪಾಡು ಮಾಡಬೇಕಾಯಿತು. ಭೂಪಟದಲ್ಲಿ ಇಲ್ಲದ ಗೆರೆಯನ್ನು ಇಲ್ಲವೆಂದೇ ಎಣಿಸಿದ್ದ ನನ್ನ ಮೂರು ವರ್ಷದ ಓದಿಗೆ ಇದರಿಂದ ಸ್ವಲ್ಪ ನಾಚಿಕೆಯಾಯಿತೆಂದು ಹೇಳಲೇಬೇಕು. ನಮ್ಮ ತಂದೆಯವರಾದರೋ ಗೆರೆ ಕಾಣದಿದ್ದಾಗಲೇ ಪ್ರಶ್ನೆ ಕೇಳಿದ್ದರು.

ಹಬ್ಬಕ್ಕೆ ಊರಿಗೆ ಹೋದಾಗ ಎರಡು ಪ್ರಶ್ನೆಗಳಿಗೂ ಉತ್ತರ ಹೇಳಿದೆ. ಜೊತೆಗೆ ಹೆಸರಿನ ಕಥೆಯನ್ನೂ ಹೇಳಿದೆ. 1938ರಲ್ಲಿ ಸ್ವಿಟ್ಸರ್ಲೆಂಡಿನ ನಾಲ್ಕನೆಯ ರಾಷ್ಟ್ರಭಾಷೆಯೆಂದು ಮನ್ನಣೆ ಪಡೆದ ರೋಮಾಂಶ್ ನುಡಿಯಲ್ಲಿ, ನಡುಹಗಲಿನ ಬಿಸಿಲಿಗೆ ದನಗಳು ಮೇವು ಬಿಟ್ಟು ನೆರಳಿನಲ್ಲಿ ಮಲಗುವ ಜಾಗಕ್ಕೆ ಕೌಮಾ ಎನ್ನುತ್ತಾರೆ. ಸುರಂಗದ ಮಾತಿಗೆ ಸುಮ್ಮನೆ ತಲೆಯಾಡಿಸಿದ್ದ ತಂದೆಯವರು ಇದನ್ನು ಕೇಳಿ ನಕ್ಕು, "ಈಗ್ಲೂ ದನ ಬತ್ತವಾ ಅಲ್ಲಿಗೆ?" ಎಂದರು. ಚಿತ್ರವನ್ನು ಮತ್ತೊಮ್ಮೆ ತೆಗೆದು ಇಬ್ಬರೂ ನೋಡಿದೆವು. ಮರದ ನೆರಳಿನಲ್ಲಿ ಟವಲು ಹಾಸಿಕೊಂಡು ಮಲಗಿದ್ದ ಜನರಷ್ಟೇ ಕಂಡರು.