ಹಟ್ಟಿಯ ಕಟ್ಟೆಮನೆ, ಪೇಟೆಯ ನಗರಸಭೆ

ಚಿತ್ರದುರ್ಗದಿಂದ ಪೂರ್ವಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ, ಬಳ್ಳಾರಿ ಹೆದ್ದಾರಿಯ ಮೇಲೆ ಚಳ್ಳಕೆರೆ ಇದೆ. 2011ರ ಜನಗಣತಿಯ ಹೊತ್ತಿಗೆ ಇಲ್ಲಿನ ಜನಸಂಖ್ಯೆ 55 ಸಾವಿರ ದಾಟಿತ್ತು. ಎಣ್ಣೆ ಗಿರಣಿಗಳಿಂದ ಹೆಸರಾದ ಪೇಟೆ ಇದು. ಆದರೆ ಈ ಪೇಟೆಯ ಬದುಕು ಅರ್ಥವಾಗಬೇಕಾದರೆ ಸುತ್ತಲಿನ ಹಟ್ಟಿಗಳಿಂದ ಶುರುಮಾಡಬೇಕು. ನನ್ನಿವಾಳ ಅಂಥ ಹಟ್ಟಿಗಳಿಗೆ ತಲೆಯಾಗಿ ನಿಂತ ಊರು. ಚಳ್ಳಕೆರೆಯಲ್ಲಿ ಪುರಸಭೆ, ನಗರಸಭೆಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ಈ ಸೀಮೆಯಲ್ಲಿ ಒಂದು ಆಡಳಿತ ಇತ್ತು. ಅದರ ಹೆಸರು ಕಟ್ಟೆಮನೆ.

ಇಲ್ಲಿನ ನಾಯಕ ಜನಾಂಗದಲ್ಲಿ ಊರು ನಾಯಕರು, ಮ್ಯಾಸ ನಾಯಕರು ಎಂಬ ಎರಡು ಕವಲು. ಊರಿನವರು ಬೇಸಾಯಕ್ಕೂ ಪಾಳೆಯಗಾರರ ದಂಡಿಗೂ ಹೊಂದಿಕೊಂಡರು. ಮ್ಯಾಸದವರು ದನದ ಹಿಂದೆ ಅಡವಿಯಲ್ಲಿ ಉಳಿದರು. ಮ್ಯಾಸದವರ ಕಟ್ಟೆಮನೆಗಳಲ್ಲಿ ನನ್ನಿವಾಳ ಮತ್ತು ಗೋನೂರಿನ ಹೆಸರು ದೊಡ್ಡದು. ಒಂದು ದೇವರಿಗೆ ನಡೆದುಕೊಳ್ಳುವ ಹಟ್ಟಿಗಳೆಲ್ಲ ಸೇರಿ ಒಂದು ಗುಡಿಕಟ್ಟು. ಹಲವು ಗುಡಿಕಟ್ಟುಗಳ ಮೇಲೆ ಒಂದು ಕಟ್ಟೆಮನೆ. ಹಬ್ಬದ ದಿನ ಗೊತ್ತುಮಾಡುವುದು, ಮದುವೆಯ ತಕರಾರು ಬಿಡಿಸುವುದು, ಕಟ್ಟಳೆ ಮೀರಿದವರಿಗೆ ದಂಡ ಹಾಕಿ ಮತ್ತೆ ಕುಲಕ್ಕೆ ಸೇರಿಸಿಕೊಳ್ಳುವುದು ಇಲ್ಲಿ ಕೂತ ಯಜಮಾನರ ಕೆಲಸ. ಗೌಡ, ಪೂಜಾರಿ, ಕಿಲಾರಿ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಹೊಣೆ, ಅದೂ ಮನೆತನದಿಂದ ಬಂದದ್ದು. ಮತದಾನವಿಲ್ಲ, ಹೆಂಗಸರಿಗೆ ಕಟ್ಟೆಯ ಮೇಲೆ ಜಾಗವೂ ಇಲ್ಲ. ಆದರೂ ನೂರಾರು ಹಟ್ಟಿಗಳು ಬರೆದಿಟ್ಟ ಕಾನೂನಿಲ್ಲದೆ ಒಂದು ಮಾತಿಗೆ ಬದ್ಧವಾಗಿ ನಡೆದದ್ದು ಸಣ್ಣ ಸಂಗತಿಯಲ್ಲ.

ಈ ಕಟ್ಟಿಗೆ ನಡುಗಂಬವೆಂದರೆ ದೇವರ ಎತ್ತುಗಳು. ಇವನ್ನು ನೇಗಿಲಿಗೆ ಹೂಡುವಂತಿಲ್ಲ, ಮಾರುವಂತಿಲ್ಲ. ದೇವರ ಹೆಸರಿಗೆ ಬಿಟ್ಟ ದನದ ಹಿಂಡನ್ನು ಕಿಲಾರಿ ಬಯಲಲ್ಲಿ ಮೇಯಿಸುತ್ತಾನೆ, ರಾತ್ರಿ ರೊಪ್ಪದಲ್ಲಿ ಕಾಯುತ್ತಾನೆ. ಎತ್ತು ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಮ್ಯಾಸದವರು ಹೆಂಡ ಮುಟ್ಟಬಾರದು, ಕೋಳಿ ಸಾಕಬಾರದು ಎಂಬ ಕಟ್ಟಳೆಗಳೂ ಇದೇ ಮಡಿಯ ಭಾಗ. ಬರ ಬಂದಾಗ ದೇವರ ಎತ್ತುಗಳ ಮೇವಿಗೆ ಪೇಟೆಯವರೂ ದೂರದ ಬೆಂಗಳೂರಿನವರೂ ಕೈಜೋಡಿಸಿದ್ದುಂಟು. ಈ ಸೀಮೆಯಲ್ಲಿ ಬರ ಅಪರೂಪದ್ದಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೇರಿವೆ.

ಮ್ಯಾಸದವರ ಜೊತೆಗೇ ಕಾಡುಗೊಲ್ಲರ ಹಟ್ಟಿಗಳಿವೆ. ಪುರ್ಲಹಳ್ಳಿಯ ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳಿನ ಗುಡಿಯನ್ನು ಬರಿಗಾಲಲ್ಲಿ ಹತ್ತಿ ಕಳಶ ಕೀಳುವವರು ಇವರೇ. ನೂರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿದ ಸಿರಿಯಜ್ಜಿ ಇದೇ ತಾಲ್ಲೂಕಿನ ಗೊಲ್ಲರಹಟ್ಟಿಯವರು. ಇದೇ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗೆ ಇರಿಸುವ ಪದ್ಧತಿಯೂ ಇತ್ತು. ಅದು ಪೂರ್ತಿ ಅಳಿದಿಲ್ಲ. ಇದನ್ನು ತಡೆಯಲು ಸರ್ಕಾರ ಕೆಲವು ಹಟ್ಟಿಗಳಲ್ಲಿ ಮಹಿಳೆಯರಿಗೆಂದು ಭವನಗಳನ್ನು ಕಟ್ಟಿಸಿತು. ಆ ಭವನಗಳೇ ಮುಟ್ಟಿನ ಮನೆಗಳಾದ ಉದಾಹರಣೆಗಳಿವೆ. ಗೋಡೆ ಕಟ್ಟಿದಷ್ಟು ಸುಲಭವಾಗಿ ನಡವಳಿಕೆ ಬದಲಾಗದು ಎಂಬುದು ಸರ್ಕಾರಕ್ಕೆ ಮೊದಲೇ ತಿಳಿದಿರಬೇಕಿತ್ತು.

ರಾಜಕೀಯ ಚರಿತ್ರೆಯಲ್ಲಿ ಈ ನೆಲ ಬಂದುಹೋಗುವ ದಂಡುಗಳ ದಾರಿ. ಚಳ್ಳಕೆರೆಯ ಪಕ್ಕದ ದೊಡ್ಡೇರಿಯಲ್ಲಿ 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಔರಂಗಜೇಬನ ಸೇನಾನಿ ಖಾಸಿಂ ಖಾನನನ್ನು ಕೋಟೆಯಲ್ಲಿ ಮುತ್ತಿ ಸೋಲಿಸಿದ. ಖಾನ ಅಲ್ಲೇ ಸತ್ತ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದ ಮೇಲೆ ಸೀಮೆ ಮೈಸೂರಿಗೆ ಸೇರಿತು. ಮೈಸೂರು ಅರಸರು ದಂಡಿನ ಸಾಗಣೆಗೆಂದು ಬೆಳೆಸಿದ ಅಮೃತಮಹಲ್ ತಳಿಯ ದನಗಳಿಗೆ ಮೀಸಲಾದ ಕಾವಲುಗಳು ಇಲ್ಲಿ ಸಾವಿರಾರು ಎಕರೆಗಳಷ್ಟಿದ್ದವು. ದಂಡು ಹೋದರೂ ಕಾವಲುಗಳ ಹುಲ್ಲು ಉಳಿಯಿತು. ಹಟ್ಟಿಗಳ ದನಕುರಿಗಳಿಗೆ ಅದೇ ಆಸರೆಯಾಯಿತು.

ಕುರುಬರ ಕುರಿಗಳು ಇದೇ ಬಯಲಲ್ಲಿ ಮೇದು ಕೊಟ್ಟ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ ಹುಟ್ಟಿತು. ಹೆಂಗಸರು ನೂಲುವುದು, ಗಂಡಸರು ಗುಂಡಿಮಗ್ಗದಲ್ಲಿ ನೇಯುವುದು, ಸಂತೆಯಲ್ಲಿ ಮಾರುವುದು. ಹಟ್ಟಿ ಮತ್ತು ಪೇಟೆಯ ನಡುವಿನ ಹಳೆಯ ವ್ಯಾಪಾರ ಇದು. ಆಮೇಲೆ ಬಂದದ್ದು ಶೇಂಗಾ. ಕೆಮ್ಮಣ್ಣಿಗೂ ಕಡಿಮೆ ಮಳೆಗೂ ಒಗ್ಗುವ ಬೆಳೆ. ಸುತ್ತಲಿನ ತಾಲ್ಲೂಕುಗಳ ಶೇಂಗಾ ಚಳ್ಳಕೆರೆಗೆ ಬಂದು ಬೀಳತೊಡಗಿದ ಮೇಲೆ ಗಿರಣಿಗಳು ಸಾಲಾಗಿ ಎದ್ದವು. ಖಾದ್ಯ ತೈಲದ ವ್ಯಾಪಾರದಲ್ಲಿ ಊರಿಗೆ ‘ಎರಡನೇ ಮುಂಬೈ’ ಎಂಬ ಹೆಸರೂ ಅಂಟಿತು. ಗಿರಣಿಯ ಹಿಂಡಿ ಮತ್ತೆ ಹಳ್ಳಿಯ ದನಕ್ಕೆ ಹೋಗುತ್ತಿತ್ತು. ತೊಂಬತ್ತರ ದಶಕದ ನಂತರ ಹೊರದೇಶದ ಅಗ್ಗದ ತಾಳೆಎಣ್ಣೆ ಒಳಬಂತು, ಮಳೆ ಕೈಕೊಟ್ಟಾಗಲೆಲ್ಲ ಶೇಂಗಾ ಇಳುವರಿ ಬಿತ್ತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೆಸರು ಮಾತ್ರ ಎಣ್ಣೆ ನಗರಿಯಾಗಿಯೇ ಉಳಿದಿದೆ.

ಪೇಟೆ ಬೆಳೆದಂತೆ ಅದರ ಆಡಳಿತದ ಮೆಟ್ಟಿಲೂ ಏರಿತು. ರಾಜ್ಯದ 1964ರ ಪೌರಸಭೆಗಳ ಕಾಯ್ದೆಯ ಪ್ರಕಾರ ಊರಿನ ಜನಸಂಖ್ಯೆ ನೋಡಿ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಎಂಬ ದರ್ಜೆ ಕೊಡಲಾಗುತ್ತದೆ. 50 ಸಾವಿರ ದಾಟಿದರೆ ನಗರಸಭೆ. ಪುರಸಭೆಯಾಗಿದ್ದ ಚಳ್ಳಕೆರೆ ಹೀಗೆ ನಗರಸಭೆಯಾಯಿತು. ಈಗ 31 ವಾರ್ಡುಗಳಿವೆ. ಸದಸ್ಯರನ್ನು ಐದು ವರ್ಷಕ್ಕೆ ಜನ ಆರಿಸುತ್ತಾರೆ, ಅಧ್ಯಕ್ಷ ಉಪಾಧ್ಯಕ್ಷರ ಸ್ಥಾನ ಮೀಸಲಾತಿಯ ಸರದಿಯಂತೆ ಮೂವತ್ತು ತಿಂಗಳಿಗೊಮ್ಮೆ ಬದಲಾಗುತ್ತದೆ. ಸರ್ಕಾರದ ಕಡೆಯಿಂದ ಪೌರಾಯುಕ್ತರು ಇರುತ್ತಾರೆ. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ ಸ್ವಂತ ಆದಾಯ. ಉಳಿದದ್ದಕ್ಕೆ ರಾಜ್ಯದ ಅನುದಾನ. ಇದೇ ತಾಲ್ಲೂಕಿನ ನಾಯಕನಹಟ್ಟಿಗೂ ನೆರೆಯ ಮೊಳಕಾಲ್ಮೂರಿಗೂ ಪಟ್ಟಣ ಪಂಚಾಯಿತಿಗಳಿವೆ. ವಿಧಾನಸಭೆಯಲ್ಲಿ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಕ್ಷೇತ್ರಗಳೆರಡೂ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ನಾಯಕ ಜನಾಂಗ ಆ ಪಟ್ಟಿಗೆ ಸೇರಿದ್ದು 1991ರಲ್ಲಿ. ಕಟ್ಟೆಮನೆಯ ಮಾತಿಗೆ ಚುನಾವಣೆಯ ಕಾಲದಲ್ಲಿ ಬೆಲೆ ಬರುವುದು ಇದರಿಂದಲೂ ಹೌದು.

ನನ್ನಿವಾಳದಂಥ ಊರುಗಳು ನಗರಸಭೆಗೆ ಸೇರಿದವಲ್ಲ. ಅವು 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಬರುವ ಗ್ರಾಮ ಪಂಚಾಯಿತಿಗಳು. ನಾನೂರು ಜನಕ್ಕೆ ಒಬ್ಬ ಸದಸ್ಯ, ಮಹಿಳೆಯರಿಗೆ ಅರ್ಧದಷ್ಟು ಮೀಸಲು, ವರ್ಷಕ್ಕೆ ಎರಡು ಬಾರಿಯಾದರೂ ಗ್ರಾಮಸಭೆ. ಕಟ್ಟೆಮನೆಯಲ್ಲಿ ಜಾಗವಿಲ್ಲದ ಹೆಂಗಸು ಇಲ್ಲಿ ಅಧ್ಯಕ್ಷೆಯಾಗಬಹುದು. ಹೀಗೆ ಒಂದೇ ಊರಿಗೆ ಎರಡು ಆಡಳಿತ: ಚರಂಡಿ, ಬೀದಿದೀಪ, ಉದ್ಯೋಗ ಖಾತ್ರಿಗೆ ಪಂಚಾಯಿತಿ, ಹಬ್ಬ, ಕುಲ, ಎತ್ತಿಗೆ ಕಟ್ಟೆಮನೆ. ಹಟ್ಟಿಗಳಿಗೆ ಇನ್ನೊಂದು ಹಳೆಯ ತೊಡಕೂ ಇತ್ತು. ಎಷ್ಟೋ ಹಟ್ಟಿಗಳು ಕಂದಾಯದ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ತಲೆಮಾರುಗಳಿಂದ ಇದ್ದ ಮನೆಗೆ ಹಕ್ಕುಪತ್ರ ಇರಲಿಲ್ಲ. ಗೊಲ್ಲರಹಟ್ಟಿ, ತಾಂಡಾ, ಹಾಡಿಗಳಂಥ ದಾಖಲೆಯಿಲ್ಲದ ನೆಲೆಗಳಲ್ಲಿ ವಾಸವಿರುವವರನ್ನೇ ಮಾಲೀಕರನ್ನಾಗಿ ಮಾಡುವ ತಿದ್ದುಪಡಿಯನ್ನು ಭೂಸುಧಾರಣಾ ಕಾಯ್ದೆಗೆ 2017ರಲ್ಲಿ ತರಲಾಯಿತು.

ಈ ಎರಡು ಆಡಳಿತಗಳನ್ನೂ ಮೀರಿದ ತೀರ್ಮಾನವೊಂದು ಅದಕ್ಕೂ ಮೊದಲೇ ಆಗಿಹೋಗಿತ್ತು. ಖುದಾಪುರ, ವರವು, ಉಳ್ಳಾರ್ತಿಯ ಕಾವಲುಗಳನ್ನು ದೇಶದ ದೊಡ್ಡ ಸಂಸ್ಥೆಗಳಿಗೆ ಹಂಚಲಾಯಿತು: ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಮೇವಿನ ಬಯಲಿಗೆ ಗೋಡೆ ಬಂದಾಗಲೇ ಎಷ್ಟೋ ಹಳ್ಳಿಗಳಿಗೆ ವಿಷಯ ತಿಳಿದದ್ದು. ಪ್ರತಿಭಟನೆಗಳಾದವು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಯೋಜನೆ ನಿಲ್ಲಲಿಲ್ಲ. ಚಂದ್ರನ ಮೇಲಿನ ಕುಳಿಗಳ ಹಾಗೆ ಗುಂಡಿ ತೋಡಿ ಇಸ್ರೋ ತನ್ನ ಲ್ಯಾಂಡರಿನ ಸಾಧನಗಳನ್ನು ಪರೀಕ್ಷಿಸಿದ್ದು ಈ ನೆಲದಲ್ಲೇ. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ ಮೇಲಿಂದ ಬಿಟ್ಟ ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಆ ವಲಯದ ರನ್‌ವೇ ಮೇಲೆ ತಾನಾಗಿ ಬಂದಿಳಿಯಿತು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತದೆ. ಪೇಟೆಯಲ್ಲಿ ನಿವೇಶನಗಳ ಬೆಲೆ ಏರಿತು, ‘ಸೈನ್ಸ್ ಸಿಟಿ’ ಎಂಬ ಹೊಸ ಹೆಸರು ಬಂತು. ಕಳೆದುಕೊಂಡ ಹುಲ್ಲಿನ ಲೆಕ್ಕವನ್ನು ಹಟ್ಟಿಯವರೇ ಇಟ್ಟುಕೊಳ್ಳಬೇಕಾಯಿತು.

ವರ್ಷದ ಕೆಲವು ದಿನ ಹಟ್ಟಿಯೂ ಪೇಟೆಯೂ ಒಂದಾಗುತ್ತವೆ. ಚಳ್ಳಕೆರೆಯಮ್ಮನ ಜಾತ್ರೆ, ಗೌರಸಮುದ್ರದ ಮಾರಮ್ಮನ ಜಾತ್ರೆ, ಎಲ್ಲಕ್ಕಿಂತ ದೊಡ್ಡದಾಗಿ ಫಾಲ್ಗುಣದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು. ಕೆರೆ ಕಟ್ಟಿಸಿದ ಶರಣನೆಂದು ಜನ ನೆನೆಯುವ ಈ ಸ್ವಾಮಿಯ ಜಾತ್ರೆಯಲ್ಲಿ ಭಕ್ತರು ಒಣಕೊಬ್ಬರಿ ಸುಡುತ್ತಾರೆ; ತೇರಿನ ಮುಕ್ತಿಬಾವುಟದ ಹರಾಜು ಲಕ್ಷಗಳಲ್ಲಿ ನಡೆಯುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ರಾಜಕಾರಣಿಗಳು, ವ್ಯಾಪಾರಿಗಳು.

ನೀರಿನ ವಿಷಯದಲ್ಲಿ ಮಾತ್ರ ಯಾವ ಆಡಳಿತದ ಕೈಯೂ ಮೇಲಾಗಿಲ್ಲ. ತಾಲ್ಲೂಕಿನಲ್ಲಿ ಹರಿಯುವ ವೇದಾವತಿಗೆ ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅಡ್ಡವಿದೆ. ಅಲ್ಲಿಂದ ಚಳ್ಳಕೆರೆಯ ಕಡೆಗೆ ನೀರು ಬಿಡುವಾಗಲೆಲ್ಲ ಹಿರಿಯೂರಿನ ರೈತರ ವಿರೋಧ ಎದುರಾಗಿದೆ. 1933ರ ನಂತರ 2022ರಲ್ಲಿ ಜಲಾಶಯ ಕೋಡಿ ಬಿದ್ದಾಗ ಒಣಗಿದ ಹೊಳೆಯಲ್ಲಿ ಪ್ರವಾಹ ಬಂತು. ಈ ಬರಸೀಮೆಗೆ ಭದ್ರಾ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಿಸಿತು. ಚಳ್ಳಕೆರೆ, ಮೊಳಕಾಲ್ಮೂರಿನ ಕೆರೆಗಳನ್ನು ತುಂಬಿಸುವುದೂ ಆ ಯೋಜನೆಯಲ್ಲಿ ಸೇರಿದೆ.