ಎರಡಂತಸ್ತಿನ ಬಸ್ಸೂ ಹೃದ್ರೋಗವೂ

ನಡಿಗೆಯಿಂದ ದೇಹಕ್ಕೆ ಹಿತವುಂಟೆಂಬ ಮಾತನ್ನು ನಮ್ಮ ಹಿರಿಯರು ಯಾವ ಸಾಕ್ಷ್ಯವನ್ನೂ ಬೇಡದೆ ನಂಬಿಕೊಂಡು ಬಂದಿದ್ದರು. ಆದರೆ ಆ ನಂಬಿಕೆಯನ್ನು ಎಣಿಕೆಯ ಒರೆಗಲ್ಲಿಗೆ ಹಚ್ಚುವ ಕೆಲಸ ನಡೆದದ್ದು, ವಿನೋದವೆಂದರೆ, ಆರೋಗ್ಯದ ಚಿಂತೆಯಿಂದ ಒಂದು ಹೆಜ್ಜೆಯನ್ನೂ ಇಡದೆ ಕೇವಲ ಸಂಬಳಕ್ಕಾಗಿ ಓಡಾಡುತ್ತಿದ್ದ ಜನರ ನಡುವೆ, ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ.

ಎರಡನೆಯ ಮಹಾಯುದ್ಧ ಮುಗಿದ ತರುವಾಯ ಇಂಗ್ಲೆಂಡಿನಲ್ಲಿ ಹೃದಯಾಘಾತಕ್ಕೆ ತುತ್ತಾಗುವ ನಡುವಯಸ್ಸಿನ ಗಂಡಸರ ಸಂಖ್ಯೆ ಏರುತ್ತಿರಲು, ಯುದ್ಧಕಾಲದಲ್ಲಿ ಭಾರತದಲ್ಲಿಯೂ ಬರ್ಮಾದಲ್ಲಿಯೂ ಸೇನಾವೈದ್ಯನಾಗಿ ದುಡಿದು ಬಂದಿದ್ದ ಜೆರ್ರಿ ಮಾರಿಸ್ ಎಂಬಾತನು ಬಗೆಬಗೆಯ ಕಸುಬಿನವರನ್ನು ಹೋಲಿಸಿ ನೋಡಲು ತೊಡಗಿದನು. ಬಸ್ಸಿನ ಡ್ರೈವರನೂ ಕಂಡಕ್ಟರನೂ ಒಂದೇ ಹೊಗೆಯನ್ನು ಕುಡಿದು, ಹೆಚ್ಚುಕಡಮೆ ಒಂದೇ ಮಟ್ಟದ ಬಾಳನ್ನು ಬಾಳುತ್ತಿದ್ದವರು. ಆದರೆ ಡ್ರೈವರನು ಪಾಳಿಯ ಬಹುಪಾಲು ಹೊತ್ತು ಕುಳಿತಲ್ಲಿಂದ ಏಳುವಂತಿರಲಿಲ್ಲ, ಕಂಡಕ್ಟರನಾದರೋ ಟಿಕೆಟು ಕೊಡುವುದಕ್ಕಾಗಿ ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತಬೇಕಾಗಿತ್ತು. 35ರಿಂದ 64 ವರ್ಷ ವಯಸ್ಸಿನ ಸುಮಾರು 31,000 ಸಾರಿಗೆ ನೌಕರರ ಕಾಯಿಲೆಯ ದಾಖಲೆಗಳನ್ನು ಶೋಧಿಸಿ, 1953ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಾರಿಸನೂ ಅವನ ಸಂಗಡಿಗರೂ ಪ್ರಕಟಿಸಿದ ಫಲಿತಾಂಶವಿದು: ಕಂಡಕ್ಟರುಗಳಿಗೆ ಹೃದ್ರೋಗ ಬರುವುದೇ ಕಡಮೆ, ಬಂದರೂ ತಡವಾಗಿ, ಮೊದಲ ಆಘಾತದಲ್ಲಿಯೇ ಮಡಿಯುವುದಂತೂ ಇನ್ನೂ ಕಡಮೆ. ಕಾಗದ ಹಂಚುವ ಅಂಚೆಯವರನ್ನು ಕುಳಿತು ಬರೆಯುವ ಗುಮಾಸ್ತರೊಡನೆ ಹೋಲಿಸಿದಾಗಲೂ ಇದೇ ತೆರನಾದ ಅಂತರ ಕಂಡಿತು.

ಇಲ್ಲಿ ಜಾಣನಾದ ಓದುಗನು ತಡೆದು ಕೇಳಬಹುದು: ಮೊದಲೇ ಸ್ಥೂಲಕಾಯನಾದವನು ಕುಳಿತು ಮಾಡುವ ಕೆಲಸವನ್ನು ಆರಿಸಿಕೊಂಡಿರಲಾರನೇಕೆ? ಈ ಆಕ್ಷೇಪ ಮಾರಿಸನಿಗೂ ಹೊಳೆದಿತ್ತು. ಸಮವಸ್ತ್ರ ಹೊಲಿಸುವುದಕ್ಕಾಗಿ ಬಸ್ಸಿನ ಸಂಸ್ಥೆಯು ನೌಕರರ ಸೊಂಟದ ಸುತ್ತಳತೆಯನ್ನು ತೆಗೆದಿರಿಸಿತ್ತು. ದರ್ಜಿಯ ಆ ಲೆಕ್ಕವನ್ನೇ ತರಿಸಿ ನೋಡಲಾಗಿ, ಎಲ್ಲ ವಯಸ್ಸಿನಲ್ಲಿಯೂ ಡ್ರೈವರುಗಳ ಷರಾಯಿಯೇ ಅಗಲವಾಗಿತ್ತು. ತನ್ನ ವಾದಕ್ಕೆ ಪ್ರತಿಕೂಲವಾದ ಈ ಸಂಗತಿಯನ್ನು 1956ರಲ್ಲಿ ತಾನೇ ಮುಂದಿಟ್ಟದ್ದು ಆತನ ಪ್ರಾಮಾಣಿಕತೆಗೆ ಸಾಕ್ಷಿ. ಅನಂತರ ಆತನ ತಂಡವು ನೌಕರರನ್ನು ಕೃಶರು, ಮಧ್ಯಮರು, ಸ್ಥೂಲರು ಎಂದು ವಿಂಗಡಿಸಿ ಮತ್ತೆ ಎಣಿಸಿದಾಗ, ಮೂರು ಗುಂಪುಗಳಲ್ಲಿಯೂ ಹಠಾತ್ ಮರಣವು ಕಂಡಕ್ಟರುಗಳಲ್ಲಿಯೇ ಕಡಮೆಯಾಗಿತ್ತು. ಹೊಟ್ಟೆ ಕರಗಲಿಲ್ಲವೆಂದು ನಡಿಗೆಯನ್ನು ನಿಲ್ಲಿಸಿಬಿಡುವ ನಮ್ಮ ಮಿತ್ರರು ಗಮನಿಸತಕ್ಕ ಮಾತಿದು.

ಕಾಲಾಡಿದರೆ ಹೃದಯಕ್ಕೇನು? ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಬಿಗಿದು, ತಮ್ಮ ನಡುವೆ ಹಾದುಹೋಗುವ ಅಭಿಧಮನಿಗಳನ್ನು ಹಿಂಡುತ್ತವೆ. ಆ ನಾಳಗಳಲ್ಲಿ ಒಮ್ಮುಖವಾಗಿ ತೆರೆಯುವ ಕವಾಟಗಳಿರುವುದರಿಂದ ರಕ್ತವು ಕೆಳಕ್ಕೆ ಜಾರದೆ ಮೇಲಕ್ಕೇ ಏರುತ್ತದೆ. ರಕ್ತದ ಹರಿವು ಬಿರುಸಾದಂತೆ ಧಮನಿಗಳ ಒಳಪೊರೆಯು ನೈಟ್ರಿಕ್ ಆಕ್ಸೈಡನ್ನು ಸ್ರವಿಸಲು, ನಾಳಗಳ ಗೋಡೆ ಸಡಿಲಿ ಒತ್ತಡ ಇಳಿಯುತ್ತದೆ. ಇವೆಲ್ಲಕ್ಕಿಂತ ಚೋದ್ಯವಾದದ್ದು ಸಕ್ಕರೆಯ ವಿಷಯ. ವಿಶ್ರಾಂತಿಯಲ್ಲಿರುವ ಸ್ನಾಯುವು ರಕ್ತದಿಂದ ಗ್ಲೂಕೋಸನ್ನು ಹೀರಬೇಕಾದರೆ ಬಹುಮಟ್ಟಿಗೆ ಇನ್ಸುಲಿನ್ನಿನ ಅಪ್ಪಣೆ ಬೇಕು. ದುಡಿಯುತ್ತಿರುವ ಸ್ನಾಯುವು ಆ ಅಪ್ಪಣೆಗೆ ಕಾಯದೆ ತನ್ನ ಬಾಗಿಲನ್ನು ತಾನೇ ತೆರೆದುಕೊಳ್ಳುತ್ತದೆ. ಮಧುಮೇಹಿಗಳಿಗೆ ಊಟದ ನಂತರದ ನಡಿಗೆಯನ್ನು ವೈದ್ಯರು ವಿಧಿಸುವುದು ಇದರಿಂದಲೇ. ಉಂಡು ನೂರು ಹೆಜ್ಜೆ ನಡೆಯೆಂದ ಸರ್ವಜ್ಞನ ದಿಕ್ಕು ಸರಿಯಾಗಿಯೇ ಇತ್ತು, ಪ್ರಮಾಣ ಮಾತ್ರ ತೀರ ಕಡಮೆಯಾಯಿತು: ನೂರು ಹೆಜ್ಜೆ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಸಕ್ಕರೆಗಾದರೋ ಹತ್ತು ಹದಿನೈದು ನಿಮಿಷವಾದರೂ ಬೇಕು.

ಗತಿಯ ವಿಚಾರವೂ ಉಂಟು. ಮುಂದೆ ಮಾರಿಸನು ಸರ್ಕಾರಿ ನೌಕರರನ್ನು ಪರೀಕ್ಷಿಸಿದಾಗ, ಗಂಟೆಗೆ ನಾಲ್ಕು ಮೈಲಿಯನ್ನು ಮೀರುವ ಬಿರುನಡಿಗೆಯವರಲ್ಲಿ ಹೃದಯಾಘಾತ ಕಡಮೆಯಾಗಿತ್ತು. ಸುಮ್ಮನೆ ಅಡ್ಡಾಡುವವರಲ್ಲಿ ಅಂಥ ಲಾಭ ತೋರಲಿಲ್ಲ. ಈಚಿನ ಸಂಶೋಧನೆಗಳು ಅಷ್ಟು ಕಠಿಣವಲ್ಲ. ಮಾತನಾಡಲು ಸಾಧ್ಯವಾಗಿ, ಹಾಡಲು ಉಸಿರು ಸಾಲದಷ್ಟು ವೇಗದಲ್ಲಿ ವಾರಕ್ಕೆ 150 ನಿಮಿಷ ನಡೆದರೆ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ; ಅದಕ್ಕೂ ಶಕ್ತಿಯಿಲ್ಲದವರಿಗೆ ಅಲ್ಪವೂ ವ್ಯರ್ಥವಲ್ಲ, ಏಕೆಂದರೆ ಸದಾ ಕುಳಿತಿರುವವನು ಹೊಸದಾಗಿ ನಡೆಯುವ ಹತ್ತು ನಿಮಿಷಗಳಿಂದ ಪಡೆಯುವ ಲಾಭವು, ಆಗಲೇ ಒಂದು ಗಂಟೆ ನಡೆಯುವವನು ಅದಕ್ಕೆ ಇನ್ನೂ ಹತ್ತು ನಿಮಿಷ ಕೂಡಿಸಿ ಪಡೆಯುವುದಕ್ಕಿಂತ ಎಷ್ಟೋ ಹೆಚ್ಚು.